ಚಹಾ ಬಗ್ಗಿಸುವ ಹೊತ್ತು

ಅಕ್-ತೆರೆಕ್ ಊರಿನ ಅಂಕಿಸಂಖ್ಯೆ ಕಚೇರಿಯಲ್ಲಿ ಬುರುಲ್ ಎಂದರೆ ಎಲ್ಲರಿಗೂ ಒಂದು ಬಗೆಯ ಹೆದರಿಕೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವಳು ಒಂದೇ ಒಂದು ಸುಳ್ಳು ಅಂಕಿಯನ್ನೂ ಮೇಲಕ್ಕೆ ಕಳಿಸಿದವಳಲ್ಲ. ಮನೆಗಳ ಬಾಗಿಲು ತಟ್ಟದೆ, ಮರದ ಕೆಳಗೆ ಕೂತು ನಮೂನೆ ತುಂಬಿಕೊಂಡು ಬಂದವರನ್ನು ಕೈಬರಹ ನೋಡಿಯೇ ಹಿಡಿಯುತ್ತಿದ್ದಳು. ನಾಲ್ಕು ಜನರ ಕೆಲಸ ಅವಳಿಂದಲೇ ಹೋಗಿತ್ತು. ಬೈಯುವವರು ಬೈಯುತ್ತಿದ್ದರು, ಆದರೆ ಅವಳ ಅಂಕಿಯನ್ನು ಮಾತ್ರ ಯಾರೂ ಅನುಮಾನಿಸುತ್ತಿರಲಿಲ್ಲ.

ಆ ವರ್ಷ ಕಣಿವೆಯಲ್ಲಿ ರಾಜ್ಮಾ ಒಕ್ಕುವ ಹೊತ್ತಿಗೆ ರಾಜಧಾನಿಯಿಂದ ಹೊಸ ಸಮೀಕ್ಷೆಯ ಆದೇಶ ಬಂತು. ಜನ ದಿನದ ಇಪ್ಪತ್ತನಾಲ್ಕು ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂಬುದನ್ನು ತಿಳಿಯುವ ಸಮೀಕ್ಷೆ. ಆಯ್ದ ಮನೆಗಳಲ್ಲಿ ಹತ್ತು ವರ್ಷ ದಾಟಿದ ಪ್ರತಿಯೊಬ್ಬರೂ ಎರಡು ದಿನ ದಿನಚರಿ ಬರೆಯಬೇಕು. ಹತ್ತು ನಿಮಿಷಕ್ಕೆ ಒಂದು ಸಾಲು, ಸಾಲಿಗೆ ಮೂರು ಅಂಕಣ: ಏನು ಮಾಡುತ್ತಿದ್ದಿರಿ, ಅದರ ಜೊತೆಗೇ ಇನ್ನೇನು ಮಾಡುತ್ತಿದ್ದಿರಿ, ಯಾರ ಜೊತೆ ಇದ್ದಿರಿ.

"ಎರಡನೇ ಅಂಕಣ ಬಿಟ್ಟುಬಿಡೋಣ, ಬುರುಲ್," ಎಂದರು ಮೇಲಧಿಕಾರಿ ಮುಕಾಶ್. "ಸುಮ್ನೆ ತಲೆನೋವು. ಮನುಷ್ಯ ಒಂದು ಹೊತ್ತಿಗೆ ಒಂದೇ ಕೆಲಸ ಮಾಡೋದು."

"ಗಂಡಸರು ಮಾಡೋದು ಹಾಗೆ, ಬಾಯ್ಕೆ." ಬಾಯ್ಕೆ ಎಂದರೆ ಅಣ್ಣ, ಬೈಯುವಾಗಲೂ ಅವಳು ಹಾಗೆಯೇ ಕರೆಯುತ್ತಿದ್ದಳು. "ಹೆಂಗಸರ ಬದುಕು ಇರೋದೇ ಎರಡನೇ ಅಂಕಣದಲ್ಲಿ. ಅದನ್ನ ಕಿತ್ತು ಹಾಕ್ತೀರಿ ಅಂದ್ರೆ ವರದಿಗೆ ಬೇರೆಯವರ ಸಹಿ ಹಾಕಿಸ್ಕೊಳ್ಳಿ."

ಅಂಕಣ ಉಳಿಯಿತು. ಆ ಮಾತು ಕಚೇರಿಯ ಹುಡುಗಿಯರ ಬಾಯಲ್ಲಿ ವಾರವಿಡೀ ಓಡಾಡಿತು.

ಆಮೇಲೆ ಮನೆಗಳ ಆಯ್ಕೆ. ಮೊದಲ ಮನೆಗೆ ಚೀಟಿ ಎತ್ತಿ, ಅಲ್ಲಿಂದ ಹದಿನೇಳಕ್ಕೊಂದರಂತೆ ಎಣಿಸುತ್ತಾ ಹೋಗುವುದು ಕ್ರಮ. ಎಣಿಸುತ್ತಿದ್ದ ಉಲ್ಪತ್ ಎಂಬ ಹುಡುಗಿ ಒಂದು ಕಡೆ ಬೆರಳಿಟ್ಟು ನಿಂತುಬಿಟ್ಟಳು. "ಎಜೆ, ಇದು ನಿಮ್ಮನೆ." ಎಜೆ ಎಂದರೆ ಅಕ್ಕ, ಕಚೇರಿಯ ಹುಡುಗಿಯರು ಬುರುಲ್‌ಳನ್ನು ಹಾಗೆ ಕರೆಯುತ್ತಿದ್ದರು.

ಮುಕಾಶ್ ನಕ್ಕರು. "ಪಕ್ಕದ ಮನೆ ಬರಕೋ. ಯಾರು ನೋಡ್ತಾರೆ?"

"ಮನೆ ಬದಲಾಯ್ಸಿದ್ದಕ್ಕೇ ಇಬ್ಬರನ್ನ ಕೆಲಸದಿಂದ ಕಳಿಸಿದ್ದೀನಿ. ಈಗ ನಾನೇ ಬದಲಾಯ್ಸಲಾ? ನಿಯಮದಲ್ಲಿ ನೌಕರರ ಮನೆ ಬಿಡಿ ಅಂತ ಎಲ್ಲೂ ಇಲ್ಲ. ಬರಕೋ ಉಲ್ಪತ್, ನೀನೇ ಬಾ," ಎಂದಳು ಬುರುಲ್. ಹಾಗೆ ಹೇಳುವಾಗ ಅವಳಿಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಮನೆ ದೀಪ ಅಂತ ಮುತ್ತಿಟ್ಟರೆ ಮೀಸೆ ಸುಡುತ್ತದೆ ಎಂಬುದು ಹೆಮ್ಮೆಯಲ್ಲಿದ್ದವರಿಗೆ ನೆನಪಿರುವುದಿಲ್ಲ.

ಆ ಮನೆಯಲ್ಲಿ ಐದು ಜನ. ಬುರುಲ್‌ಳ ಅತ್ತೆ ಕಾಲಿಪಾ ಅಜ್ಜಿ, ಎಪ್ಪತ್ತೊಂಬತ್ತು ದಾಟಿದವಳು. ಗಂಡ ಸಾತಾರ್, ಬಸ್ಸು ಓಡಿಸಿ ನಿವೃತ್ತನಾದವನು. ಮಗ ಎರ್ಮೆಕ್, ವಿದ್ಯುತ್ ಕಚೇರಿಯಲ್ಲಿ ಕೆಲಸ. ಅವನ ಹೆಂಡತಿ ಜಿಪಾರ್, ಇಪ್ಪತ್ಮೂರರ ಹುಡುಗಿ, ರಕ್ತಪರೀಕ್ಷೆಯ ಲ್ಯಾಬ್ ಕೆಲಸ ಕಲಿತವಳು. ಮದುವೆಯ ಮಾತುಕತೆಯಲ್ಲಿ ಬುರುಲ್ ಬೀಗರ ಮನೆಯ ರೊಟ್ಟಿಯ ಮೇಲೆ ಕೈಯಿಟ್ಟು, ಆಣೆ ಮಾಡಿ ಹೇಳಿದ್ದಳು, "ಒಂದು ವರ್ಷ ಕಳೀಲಿ, ಕೆಲಸಕ್ಕೆ ಕಳಿಸ್ತೀನಿ. ನಾನೇ ದುಡಿಯೋ ಹೆಂಗಸು, ಅಷ್ಟೂ ಗೊತ್ತಾಗಲ್ವಾ?" ಆ ವರ್ಷ ಮುಗಿದು ಏಳು ತಿಂಗಳಾಗಿತ್ತು.

ಅಂದು ಸಂಜೆ ಎಲ್ಲರೂ ಊಟದ ಹಾಸಿನ ಸುತ್ತ ಕೂತಿದ್ದರು. ಜಿಪಾರ್ ಬಾಗಿಲ ಬಳಿ, ನೀರು ಕಾಯಿಸುವ ಸಮೋವಾರಿನ ಪಕ್ಕ ಮಂಡಿಯೂರಿ ಕೂತು ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದಳು. ಅರ್ಧ ಬಟ್ಟಲಷ್ಟೇ ಬಗ್ಗಿಸಬೇಕು. ತುಂಬ ಬಗ್ಗಿಸಿದರೆ ಕುಡಿದು ಎದ್ದುಹೋಗಿ ಎಂದ ಹಾಗೆ. ಅರ್ಧರ್ಧ ಬಗ್ಗಿಸಿ ಹತ್ತು ಸಲ ಕೊಟ್ಟರೆ ಅದು ಮರ್ಯಾದೆ. ಕುಡಿದವರು ಬಟ್ಟಲನ್ನು ಅಂಗೈಯಿಂದ ಮುಚ್ಚುವ ತನಕ ಸೊಸೆಯ ಕೈ ಕೆಳಗಿಳಿಯುವಂತಿಲ್ಲ.

"ಅಪಾ," ಎಂದಳು ಜಿಪಾರ್, ಅತ್ತೆಯ ಬಟ್ಟಲನ್ನು ಎರಡೂ ಕೈಯಲ್ಲಿ ಕೊಡುತ್ತಾ. ಅಪಾ ಎಂದರೆ ಅಮ್ಮ, ಅತ್ತೆಯನ್ನು ಅವಳು ಹಾಗೆ ಕರೆಯುತ್ತಿದ್ದಳು. "ಆಸ್ಪತ್ರೆ ಲ್ಯಾಬಲ್ಲಿ ಒಂದು ಜಾಗ ಖಾಲಿ ಆಗಿದೆ. ತಿಂಗಳ ಕೊನೇವರೆಗೂ ನನಗೋಸ್ಕರ ಇಟ್ಟಿರ್ತಾರಂತೆ. ಮಧ್ಯಾಹ್ನ ಎರಡಕ್ಕೆಲ್ಲ ಬಿಟ್ಟುಬಿಡ್ತಾರೆ."

ಎರ್ಮೆಕ್ ಫೋನಿನಿಂದ ಕಣ್ಣೆತ್ತಲಿಲ್ಲ. ಸಾತಾರ್ ಕೆಮ್ಮಿದ. "ಮನೇಲಿ ಯಾರಿರ್ತಾರೆ? ಅಜ್ಜಿಗೆ ಹೊತ್ತು ಹೊತ್ತಿಗೆ ಬಿಸಿ ಊಟ ಆಗಬೇಕು. ಕಾಳು ಬೇರೆ ಹಾಗೇ ಬಿದ್ದಿದೆ."

"ಮಾತು ಕೊಟ್ಟಿದ್ರಿ, ಅಪಾ," ಎಂದಳು ಜಿಪಾರ್ ಮೆಲ್ಲಗೆ.

"ನಾನೆಲ್ಲಿ ಇಲ್ಲ ಅಂದೆ?" ಬುರುಲ್‌ಗೆ ರೇಗಿತು. "ಈ ಮನೇಲಿ ಏನು ಮಹಾ ಕೆಲಸ ಇದೆ? ನೀರಿಗೆ ನಲ್ಲಿ ಇದೆ, ಬಟ್ಟೆಗೆ ಯಂತ್ರ ಇದೆ. ಹೊತ್ತು ಹೊಂದಿಸ್ಕೊಳ್ಳೋಕೆ ಬರಲ್ಲ, ಅಷ್ಟೇ ನಿನಗೆ. ನೋಡು, ಮುಂದಿನ ವಾರ ದಿನಚರಿ ಬರುತ್ತೆ. ಮಾಡಿದ್ದೆಲ್ಲ ಬರಿ. ದಿನಕ್ಕೆ ಮೂರು ಗಂಟೆ ಬಿಡುವು ಸಿಕ್ಕಿದ್ರೆ, ಮನೇಲಿ ಆರಾಮಾಗೇ ಇದೀಯ ಅಂತಾಯ್ತು, ಲ್ಯಾಬಿನ ಮಾತೆತ್ತದೆ ನೀನು ಸುಮ್ನಿರಬೇಕು. ಸಿಗಲಿಲ್ಲ ಅಂದ್ರೆ, ಇಷ್ಟೊಂದು ಕೆಲಸದ ಮನೇಲಿ ಒಬ್ಬಳನ್ನೇ ದುಡಿಸಿದ್ದು ನಮ್ಮ ತಪ್ಪು ಅಂತ ಒಪ್ಕೊಂಡು, ಮನೆ ಕೆಲಸ ಹಂಚ್ಕೊಂಡು, ನಾನೇ ನಿನ್ನ ಕೈ ಹಿಡಿದು ಲ್ಯಾಬಿಗೆ ಕರ್ಕೊಂಡು ಹೋಗ್ತೀನಿ."

"ಎಲ್ಲರೂ ಕೇಳಿಸ್ಕೊಂಡ್ರಲ್ಲ?" ಎಂದಳು ಕಾಲಿಪಾ ಅಜ್ಜಿ, ಹಲ್ಲಿಲ್ಲದ ಬಾಯಲ್ಲಿ ರೊಟ್ಟಿಯ ಚೂರು ನೆನೆಸಿಕೊಳ್ಳುತ್ತಾ. "ನಮ್ಮ ಕೆಲಿನ್ ಸರ್ಕಾರದ ಮಾತಾಡಿದ್ಲು." ಕೆಲಿನ್ ಎಂದರೆ ಸೊಸೆ. ಬುರುಲ್‌ಗೆ ಐವತ್ತನಾಲ್ಕಾದರೂ ಅಜ್ಜಿ ಅವಳನ್ನು ಇವತ್ತಿಗೂ ಹಾಗೆಯೇ ಕರೆಯುತ್ತಿದ್ದಳು.

ಮುಂದಿನ ವಾರ ಉಲ್ಪತ್ ದಿನಚರಿಗಳನ್ನು ಹೊತ್ತು ಬಂದಳು. ಬುರುಲ್ ಬೇಕೆಂದೇ ಅಂಗಳಕ್ಕೆ ಹೋಗಿ ನಿಂತಳು. ನಮೂನೆ ತುಂಬುವಾಗ ಮೇಲಿನವರು ಪಕ್ಕದಲ್ಲಿರಬಾರದು. ಒಳಗಿನಿಂದ ಮಾತು ಕೇಳಿಸುತ್ತಿತ್ತು.

"ಮನೆ ಯಜಮಾನರ ಹೆಸರು?"

"ಅದು... ಮಾವನ ಹೆಸರು ನಾನು ಹೇಳೋ ಹಾಗಿಲ್ಲವಲ್ಲ."

"ಅಯ್ಯೋ, ಹೌದಲ್ವಾ. ಅತ್ತೇದು?"

"ಅದೂ ಅಷ್ಟೇ. ನಿಮಗೇ ಗೊತ್ತಲ್ಲ, ನಿಮ್ಮ ಮೇಲಿನವರು!"

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು. ಕೊನೆಗೆ ಅಜ್ಜಿಯೇ ಒಳಕೋಣೆಯಿಂದ ಕೂಗಿ ಮನೆಯವರೆಲ್ಲರ ಹೆಸರು ಹೇಳಿದಳು, ಸತ್ತ ತನ್ನ ಗಂಡನ ಹೆಸರೊಂದನ್ನು ಬಿಟ್ಟು. ಅಜ್ಜಿಗೆ ಓದು ಬರಹ ಬಾರದ ಕಾರಣ ಅವಳದ್ದನ್ನು ಉಲ್ಪತ್ ಕೇಳಿ ಬರೆದುಕೊಂಡಳು. ಉಳಿದವರು ತಮ್ಮದನ್ನು ತಾವೇ ಬರೆಯಬೇಕು ಎಂದಾಯಿತು.

ಆ ಎರಡು ದಿನ ಜಿಪಾರ್ ತಲೆವಸ್ತ್ರದ ಗಂಟಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡಿದಳು. ಒಲೆಗೆ ಕಲ್ಲಿದ್ದಲು ಹಾಕಿದಳು, ಬರೆದಳು. ಹಸುವಿನ ಹಾಲು ಕರೆದಳು, ಬರೆದಳು. ಹಿಟ್ಟಿನ ಕೈಯಲ್ಲೇ ಪೆನ್ಸಿಲ್ ಹಿಡಿದು ಪುಟವೆಲ್ಲ ಹಿಟ್ಟು ಮಾಡಿದಳು.

"ಪರೀಕ್ಷೆ ಬರೀತಿದೀಯೇನೇ?" ಎಂದು ಎರ್ಮೆಕ್ ಅಣಕಿಸಿದ.

"ಹೌದು," ಎಂದಳು ಅವಳು.

ದಿನಚರಿಗಳು ಕಚೇರಿ ಸೇರಿದವು. ಅಲ್ಲಿ ಪ್ರತಿ ಸಾಲಿಗೂ ಒಂದೊಂದು ಕೋಡ್ ಹಾಕುವ ಕೆಲಸ. ನಿದ್ದೆಗೆ ಒಂದು, ಅಡುಗೆಗೆ ಒಂದು, ದನಕರುವಿಗೆ ಒಂದು. ಜನ ಬರೆದ ಅಕ್ಷರವನ್ನು ಮುಟ್ಟುವಂತಿಲ್ಲ, ಪಕ್ಕದಲ್ಲಿ ಕೋಡ್ ಮಾತ್ರ. ಮೂರು ಹುಡುಗಿಯರು ಹತ್ತು ದಿನ ಕೂತರು. ಮೂರನೆಯ ದಿನವೇ ಉಲ್ಪತ್ ಒಂದು ಕಟ್ಟು ಹಿಡಿದು ಬಂದಳು.

"ಎಜೆ, ಒಂದಕ್ಕೆ ಕೋಡೇ ಇಲ್ಲ. ಎಲ್ಲ ಸೊಸೆಯರೂ ಬರೆದಿದ್ದಾರೆ, 'ಚಹಾ ಬಗ್ಗಿಸಿದೆ' ಅಂತ. ದಿನಕ್ಕೆ ಎರಡು ಗಂಟೆ, ಎರಡೂವರೆ ಗಂಟೆ. ಹಬ್ಬದ ಮನೆ ಆದ್ರೆ ನಾಲ್ಕು. ಇದನ್ನ ಊಟ ಅನ್ನೋಣ ಅಂದ್ರೆ ಅವರು ಊಟ ಮಾಡ್ತಿಲ್ಲ. ಅಡುಗೆ ಅನ್ನೋಣ ಅಂದ್ರೆ ಒಲೆ ಮುಂದೆ ಇಲ್ಲ. ಎಲ್ಲಿಗೆ ಹಾಕೋಣ?"

ಮಾರ್ಗಸೂಚಿಯ ಪುಸ್ತಕವನ್ನು ಎಲ್ಲೋ ದೂರದ ದೇಶದಲ್ಲಿ ಕೂತು ಬರೆದಿದ್ದರು. ಅಲ್ಲಿ ಅವರವರ ಚಹಾ ಅವರವರೇ ಬಗ್ಗಿಸಿಕೊಳ್ಳುತ್ತಾರೋ ಏನೋ. "ಸ್ಥಳೀಯ ರೂಢಿಗೆ ತಕ್ಕಂತೆ ಹಿರಿಯ ತಜ್ಞರು ತೀರ್ಮಾನಿಸುವುದು" ಎಂದು ಒಂದು ಸಾಲಿತ್ತು. ಹಿರಿಯ ತಜ್ಞೆ ಎಂದರೆ ಬುರುಲ್.

"ಇಟ್ಟು ಹೋಗು, ನೋಡ್ತೀನಿ," ಎಂದಳು.

ಕಟ್ಟಿನ ಮೇಲೆಯೇ ತನ್ನ ಮನೆಯ ದಿನಚರಿ ಇತ್ತು. ಸೊಸೆಯದನ್ನು ತೆರೆದಳು. ಇರುವೆ ಸಾಲಿನಂಥ ಸಣ್ಣ ಅಕ್ಷರ, ಎರಡು ಅಂಕಣವೂ ಭರ್ತಿ. ಬೆಳಗ್ಗೆ ಐದು ಹತ್ತಕ್ಕೆ ಒಲೆ. ಜೊತೆಗೆ, ಹಿಟ್ಟು ನಾದಿದೆ. ಮಧ್ಯಾಹ್ನ ಒಂದಕ್ಕೆ ಅಜ್ಜಿಯ ಕಾಲು ತಿಕ್ಕಿದೆ. ಜೊತೆಗೆ, ಕಾಳು ಆರಿಸಿದೆ. ಒಂದು ನಲವತ್ತಕ್ಕೆ ಅಡುಗೆಮನೆಯಲ್ಲಿ ನಿಂತು ಉಂಡೆ, ಹತ್ತು ನಿಮಿಷ. ಚಹಾ ಬಗ್ಗಿಸಿದೆ: ಬೆಳಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ, ಸಂಜೆ ಒಂದೂವರೆ. ಇಡೀ ದಿನದಲ್ಲಿ ಬಿಡುವು ಎಂದು ಬರೆಯಬಹುದಾದದ್ದು ನಲವತ್ತು ನಿಮಿಷ. ಎರಡನೆಯ ದಿನವೂ ಅಷ್ಟೇ.

ಸುಳ್ಳೇನಾದರೂ ಇದೆಯೇ ಎಂದು ಬುರುಲ್ ಹುಡುಕಿದಳು. ನಾಲ್ವರನ್ನು ಮನೆಗೆ ಕಳಿಸಿದ ಕಣ್ಣು ಅದು. ಸುಳ್ಳಿರಲಿಲ್ಲ. ಮಗನ ದಿನಚರಿಯಲ್ಲಿ ಸಂಜೆಯ ಮೂರು ಗಂಟೆ 'ಫೋನ್ ನೋಡಿದೆ' ಎಂದಿತ್ತು, ಯಾರ ಜೊತೆ ಎಂಬಲ್ಲಿ 'ಒಬ್ಬನೇ'. ಅದೇ ಹೊತ್ತಿಗೆ ಸೊಸೆಯ ಮೂರನೆಯ ಅಂಕಣದಲ್ಲಿ 'ಮನೆಯವರೆಲ್ಲರ ಜೊತೆ' ಎಂದಿತ್ತು.

ಅಲ್ಲಿ ಬುರುಲ್‌ಳ ಬೆರಳು ನಿಂತಿತು. ಮನೆಯವರೆಲ್ಲರ ಜೊತೆ. ಕೂತುಕೊಂಡು. ಬೆಚ್ಚಗಿನ ಕೋಣೆಯಲ್ಲಿ.

ಅವಳಿಗೆ ತಾನು ಚಹಾ ಬಗ್ಗಿಸಿದ ಇಪ್ಪತ್ತೇಳು ವರ್ಷ ನೆನಪಾಯಿತು. ಕಚೇರಿಯಿಂದ ಬಂದು ಕೋಟು ಬಿಚ್ಚುತ್ತಲೇ ಅದೇ ಬಾಗಿಲ ಬಳಿ ಮಂಡಿಯೂರುತ್ತಿದ್ದಳು. ಎರ್ಮೆಕ್ ಹೊಟ್ಟೆಯಲ್ಲಿದ್ದಾಗಲೂ ಬಗ್ಗಿಸಿದ್ದಳು, ಜ್ವರ ಬಂದಾಗಲೂ ಬಗ್ಗಿಸಿದ್ದಳು. ಈ ಒಂದೂಮುಕ್ಕಾಲು ವರ್ಷದಿಂದ ಮಾತ್ರ ಅವಳು ಹಾಸಿನ ಮೇಲ್ಗಡೆ, ಹಿರಿಯರ ಜಾಗದಲ್ಲಿ ಕೂತು, ಎರಡು ಕೈಯಲ್ಲಿ ಬಂದ ಬಟ್ಟಲನ್ನು ಒಂದು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ. ತನ್ನ ಕಾಲ ಇಷ್ಟು ಬೇಗ ಮುಗಿಯಬೇಕೆ ಎಂದು ಅವಳಿಗೆ ಹೊಟ್ಟೆ ಉರಿಯಿತು.

ಉಲ್ಪತ್‌ಳನ್ನು ಕರೆದಳು. "ಮೂರನೇ ಅಂಕಣ ನೋಡು. ಮನೆಯವರ ಜೊತೆ ಕೂತಿದ್ದಾಳೆ ತಾನೇ? ಹಾಗಾದ್ರೆ ಅದು ಮನೆಯವರೊಂದಿಗೆ ಒಡನಾಟ. ಬಿಡುವಿನ ಕೋಡ್ ಹಾಕು."

"ಎಜೆ, ಬಿಡುವಾ?" ಉಲ್ಪತ್ ಕಣ್ಣು ಬಿಟ್ಟಳು. ಅವಳೂ ಒಂದು ಮನೆಯ ಸೊಸೆಯೇ. "ನೀವೇ ಹೇಳಿದ್ರಲ್ಲ, ಹೆಂಗಸರ ಬದುಕು ಎರಡನೇ ಅಂಕಣದಲ್ಲಿ..."

"ಎರಡನೇ ಅಂಕಣದಲ್ಲೇ ಬರಕೋ, ಬಡಿಸೋದು ಅಂತ. ಮೊದಲನೇದು ಒಡನಾಟ. ಎಲ್ಲರಿಗೂ ಹೀಗೇ. ನಾನು ಒಂದು ಅಕ್ಷರ ತಿದ್ದಿಲ್ಲವಲ್ಲ?"

ತಿದ್ದಿರಲಿಲ್ಲ, ನಿಜ. ಆ ಒಂದು ಮಾತಿನಿಂದ ಜಿಲ್ಲೆಯ ನಾನೂರ ಹನ್ನೆರಡು ಸೊಸೆಯರಿಗೆ ದಿನಕ್ಕೆ ಎರಡೂವರೆ ಗಂಟೆ ವಿಶ್ರಾಂತಿ ಸಿಕ್ಕಿತು. ಅವರಲ್ಲಿ ಒಬ್ಬಳಿಗೂ ಅದು ಗೊತ್ತಾಗಲಿಲ್ಲ.

ಜಿಪಾರ್‌ಗೆ ಮಾತ್ರ ಗೊತ್ತಾಯಿತು. ಅಂದೇ ಸಂಜೆ, ಚಹಾ ಬಗ್ಗಿಸುತ್ತಿರುವಾಗಲೇ, ಬುರುಲ್ ಹೇಳಿದಳು. "ನಿನ್ನ ಲೆಕ್ಕ ಬಂತು. ಮೂರು ಗಂಟೆ ಹತ್ತು ನಿಮಿಷ ಬಿಡುವಿದೆ ನಿನಗೆ."

ಚಹಾದ ಕೆಟಲು ಹಿಡಿದ ಕೈ ಗಾಳಿಯಲ್ಲೇ ನಿಂತಿತು. "ನಾನು ಕೂಡಿಸಿದಾಗ ನಲವತ್ತು ನಿಮಿಷ ಬಂದಿತ್ತು, ಅಪಾ."

"ಕೂಡಿಸೋಕೆ ನಿನಗೇನು ಗೊತ್ತು? ಚಹಾ ಬಗ್ಗಿಸೋದು ಕೆಲಸ ಅಲ್ಲ. ಮನೆಯವರ ಜೊತೆ ಕೂತು ನಾಲ್ಕು ಮಾತಾಡೋ ಹೊತ್ತು ಅದು. ಬಿಡುವು, ವಿಶ್ರಾಂತಿ. ಇಡೀ ಜಿಲ್ಲೆಗೆ ಹೀಗೇ ತೀರ್ಮಾನ ಆಗಿದೆ."

"ಯಾರು ತೀರ್ಮಾನ ಮಾಡಿದ್ದು?" ಎಂದಳು ಕಾಲಿಪಾ ಅಜ್ಜಿ.

"ಕಚೇರಿ."

"ಕಚೇರಿಗೆ ಮಂಡಿ ಇದೆಯಾ, ನೋವಾಗೋಕೆ?" ಅಜ್ಜಿ ಬಟ್ಟಲು ಕೆಳಗಿಟ್ಟಳು. "ಒಂದು ಮಾತು ಕೇಳ್ತೀನಿ ಕೆಲಿನ್. ನಿನ್ನನ್ನ ಆ ಕಚೇರಿಗೆ ಕಳಿಸಿದ್ದು ಯಾರು?"

"ಎನೆ, ಈಗ ಅದೆಲ್ಲ..." ಎಂದಳು ಬುರುಲ್ ಅತ್ತೆಗೆ.

"ನಾನು! ನನ್ನ ಗಂಡ ಬೇಡ ಅಂದ, ಊರು ನಕ್ಕಿತು. ನಾನು ಕಳಿಸಿದೆ. ನಿನ್ನ ಮಗ ನನ್ನ ಬೆನ್ನ ಮೇಲೆ ಬೆಳೆದ. ನೀನು ಅಂಕಿ ಬರೀತಿರುವಾಗ ನಾನು ಹಿಟ್ಟು ನಾದಿದೆ. ಸಂಜೆ ಒಂದು ಬಟ್ಟಲು ಚಹಾ ನಿನ್ನ ಕೈಯಿಂದ ಕುಡಿದಿದ್ದು ತಪ್ಪಾ?"

"ಒಂದು ಬಟ್ಟಲಾ?" ಬುರುಲ್‌ಳ ದನಿ ಏರಿತು. "ಇಪ್ಪತ್ತೇಳು ವರ್ಷ ಎನೆ! ದಿನಾ ಸಂಜೆ! ಒಂದು ದಿನ, 'ಸಾಕು, ಏಳು, ದಣಿದಿದೀಯ' ಅಂದ್ರಾ? ಈಗ ನನಗೊಬ್ಬಳು ಬಗ್ಗಿಸಿಕೊಡ್ತಿದಾಳೆ. ನಾನೂ ಸ್ವಲ್ಪ ಕೂರ್ತೀನಿ. ಅದೂ ಕೂಡದಾ?"

ಸಾತಾರ್ ಟೀವಿಯ ಸದ್ದು ಏರಿಸಿದ.

"ಅಂದಿಲ್ಲ," ಎಂದಳು ಅಜ್ಜಿ. "ನಾನು ಅಕ್ಷರ ಬರದವಳು. ಅಕ್ಷರ ಬರೋಳು ನೀನು ಅಂತ ತಿಳಿದಿದ್ದೆ."

ಎರ್ಮೆಕ್ ತಲೆಯೆತ್ತದೆ ಬಟ್ಟಲು ಮುಂದೆ ಚಾಚಿದ. ಜಿಪಾರ್ ಅರ್ಧ ಬಗ್ಗಿಸಿ, ಎರಡೂ ಕೈಯಲ್ಲಿ ಕೊಟ್ಟಳು.

ತಿಂಗಳು ಮುಗಿಯಿತು. ಲ್ಯಾಬಿನ ಜಾಗಕ್ಕೆ ಬೇರೆ ಯಾರೋ ಬಂದರು. ಜಿಪಾರ್ ಅಳಲಿಲ್ಲ, ತವರಿಗೆ ಹೋಗುತ್ತೇನೆ ಎನ್ನಲಿಲ್ಲ. ಐದು ಹತ್ತಕ್ಕೆ ಎದ್ದು ಒಲೆ ಹಚ್ಚಿದಳು. ಬುರುಲ್‌ಗೆ ಅದೇ ಒಂದು ಸಮಾಧಾನ. ನೋಡಿ, ಹುಡುಗಿ ಹೊಂದಿಕೊಂಡಳು ಎಂದು ಗಂಡನಿಗೆ ಹೇಳಿದಳು.

ಅತ್ತ ವರದಿ ರಾಜಧಾನಿಗೆ ಹೋಗಿ ಹೊಗಳಿಕೆಯ ಪತ್ರ ಬಂತು. ಬುರುಲ್‌ಗೆ ವಿಭಾಗದ ಮುಖ್ಯಸ್ಥೆಯ ಹುದ್ದೆ. ಆ ಭಾನುವಾರ ಮಧ್ಯಾಹ್ನ ಮುಕಾಶ್ ಮತ್ತು ಕಚೇರಿಯ ಆರು ಜನರನ್ನು ಮನೆಗೆ ಊಟಕ್ಕೆ ಕರೆದಳು. ಕುರಿ ಕಡಿದರು. ಜಿಪಾರ್ ಬೆಳಗಿನಿಂದ ಕರುಳು ತೊಳೆದಳು, ಹಿಟ್ಟು ಲಟ್ಟಿಸಿ ಎಳೆ ಎಳೆಯಾಗಿ ಕೊಯ್ದಳು, ಬೋರ್ಸೋಕ್ ಎಂಬ ಹಿಟ್ಟಿನ ತುಣುಕುಗಳನ್ನು ಕರಿದು ಹಾಸಿನ ತುಂಬ ಹರಡಿದಳು. ಅತಿಥಿಗಳು ತಿಂದರು, ಕೈ ಒರೆಸಿಕೊಂಡರು. ಆಮೇಲೆ ಚಹಾ.

ಮುಕಾಶ್ ಬಟ್ಟಲು ಎತ್ತಿ ಹಿಡಿದರು. "ದೇಶಕ್ಕೆಲ್ಲ ಹೆಚ್ಚು ಬಿಡುವಿರೋ ಸೊಸೆಯರು ಯಾರು ಗೊತ್ತಾ? ನಮ್ಮ ಜಿಲ್ಲೆಯವರು! ರಾಜಧಾನಿಯವರೇ ಮೂಗಿನ ಮೇಲೆ ಬೆರಳಿಟ್ಟಿದ್ದಾರೆ. ಎಲ್ಲ ನಮ್ಮ ಬುರುಲ್ ಕೆಲಸ. ಎರಡನೇ ಅಂಕಣ ಬೇಕು ಅಂತ ನನ್ನ ಜೊತೆ ಜಗಳ ಆಡಿದವಳು!"

ಎಲ್ಲರೂ ನಕ್ಕರು. ಉಲ್ಪತ್ ಹಾಸಿನ ಅಂಚನ್ನು ನೋಡುತ್ತಾ ಕೂತಿದ್ದಳು. ಮುಕಾಶ್ ಖಾಲಿ ಬಟ್ಟಲನ್ನು ಬಾಗಿಲ ಕಡೆ ಚಾಚಿದರು.

ಜಿಪಾರ್ ಅದನ್ನು ತೆಗೆದುಕೊಳ್ಳಲಿಲ್ಲ. ಕೆಟಲನ್ನು ಎರಡೂ ಕೈಯಲ್ಲಿ ಎತ್ತಿದಳು, ಎದ್ದಳು, ಹಾಸಿನ ಮೇಲ್ಗಡೆಗೆ ನಡೆದು ಬಂದು ಬುರುಲ್‌ಳ ಮುಂದಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಅಪಾ, ನನಗೆ ಇವತ್ತಿಗೆ ವಿಶ್ರಾಂತಿ ಸಾಕಾಯ್ತು. ಮಿಕ್ಕಿದ್ದು ನೀವು ತಗೊಳ್ಳಿ. ನನಗೆ ಹೊರಗೆ ಕೆಲಸ ಇದೆ."

ಹಿರಿಯರಿಗೆ ತಲೆ ಬಾಗಿಸಿ, ಬೆನ್ನು ತೋರಿಸದೆ, ರೀತಿ ತಪ್ಪದೆ ಹೊರಗೆ ಹೋದಳು.

"ಹುಡುಗಿಗೆ ಹುಷಾರಿಲ್ಲವೇನೋ," ಎಂದ ಸಾತಾರ್. ಮುಕಾಶ್ ಬಟ್ಟಲು ಇನ್ನೂ ಚಾಚಿಕೊಂಡೇ ಇದ್ದರು. ಚಾಚಿದ ಬಟ್ಟಲನ್ನು ಬರಿದಾಗಿ ಹಿಂತೆಗೆದುಕೊಳ್ಳುವುದು ಅವಮಾನ. ಉಲ್ಪತ್ ಏಳಹೊರಟಳು. ಕಾಲಿಪಾ ಅಜ್ಜಿ ಅವಳ ಮೊಣಕೈ ಹಿಡಿದು ಕೂರಿಸಿದಳು. "ನೀನು ಅತಿಥಿ, ಕೂತ್ಕೋ. ಈ ಮನೇಲಿ ಇನ್ನೊಬ್ಬಳು ಕೆಲಿನ್ ಇದಾಳೆ."

ಬುರುಲ್ ಕೆಟಲು ಹಿಡಿದು ಎದ್ದು ಹೋಗಿ ಬಾಗಿಲ ಬಳಿ ಮಂಡಿಯೂರಿದಳು. ಕೈ ಮರೆತಿರಲಿಲ್ಲ, ಅರ್ಧರ್ಧವೇ ಬಗ್ಗಿಸಿತು. ಬಾಗಿಲ ಸಂದಿಯ ಗಾಳಿ ಸೊಂಟಕ್ಕೆ ಹೊಡೆಯುತ್ತಿತ್ತು. ಮೇಲ್ಗಡೆ ಆಡುವ ಮಾತು ಇಲ್ಲಿಗೆ ಅರೆಬರೆ ಕೇಳಿಸುತ್ತಿತ್ತು, ನಗು ಮಾತ್ರ ಪೂರ್ತಿ ಕೇಳಿಸುತ್ತಿತ್ತು. ತನಗೆಂದು ಬಗ್ಗಿಸಿಕೊಂಡ ಬಟ್ಟಲು ಎರಡು ಸಲ ಆರಿಹೋಯಿತು. ಎಷ್ಟು ಹೊತ್ತೆಂದು ಅವಳಿಗೆ ಗಡಿಯಾರ ನೋಡದೆಯೂ ಗೊತ್ತಿತ್ತು, ಅದೇ ಅವಳ ವಿದ್ಯೆ: ಒಂದು ಗಂಟೆ ನಲವತ್ತು ನಿಮಿಷ. ಅಜ್ಜಿ ಎಲ್ಲರಿಗಿಂತ ಹೆಚ್ಚು ಬಟ್ಟಲು ಕುಡಿದಳು.

ಅತಿಥಿಗಳು ಹೋದ ಮೇಲೆ ಬುರುಲ್ ಗೋಡೆ ಹಿಡಿದು ಏಳುತ್ತಿದ್ದಳು. ಮಂಡಿ ಹಿಡಿದುಕೊಂಡಿತ್ತು.

"ವಿಶ್ರಾಂತಿ ಚೆನ್ನಾಗಾಯ್ತಾ, ಕೆಲಿನ್?" ಎಂದಳು ಅಜ್ಜಿ.

ಬುರುಲ್ ಅಂಗಳಕ್ಕೆ ಬಂದಳು. ಜಿಪಾರ್ ನಲ್ಲಿಯ ಕೆಳಗೆ ದೊಡ್ಡ ಕಡಾಯಿಯನ್ನು ಮಗ್ಗುಲಾಗಿಸಿ, ಬೂದಿ ಹಾಕಿ ತಿಕ್ಕುತ್ತಿದ್ದಳು. ತಣ್ಣೀರಿಗೆ ಅವಳ ಬೆರಳು ಕೆಂಪಾಗಿದ್ದವು.

ಬೈಯಬೇಕೆಂದು ಬಂದವಳ ಬಾಯಿಂದ ಬೇರೆ ಮಾತು ಬಂತು. "ನಾಳೆ ಆಸ್ಪತ್ರೆಯವರ ಹತ್ರ ಮಾತಾಡ್ತೀನಿ."

"ಜಾಗ ತುಂಬಿ ಎರಡು ವಾರ ಆಯ್ತು, ಅಪಾ."

"ಮುಂದೆ ಯಾವಾಗಲಾದ್ರೂ ಖಾಲಿ ಆಗುತ್ತೆ. ಆ ಕೋಡ್ ಕೂಡ... ಮುಂದಿನ ಸಮೀಕ್ಷೆಯಲ್ಲಿ ಸರಿ ಮಾಡಬಹುದು."

"ಮುಂದಿನದು ಯಾವಾಗ?"

"ಐದು ವರ್ಷಕ್ಕೆ."

ಜಿಪಾರ್ ಇನ್ನೊಂದು ಹಿಡಿ ಬೂದಿ ತೆಗೆದುಕೊಂಡಳು. "ಆಗ ನೀವೇ ಹೇಳಿಬಿಡಿ, ಅಪಾ, ಏನು ಬರೀಬೇಕು ಅಂತ. ಹಾಗೇ ಬರೀತೀನಿ," ಎಂದು ಕಡಾಯಿಯ ತಳ ತಿಕ್ಕತೊಡಗಿದಳು.